ಬೆಕ್ಕು ಕೂರದ ಚಾಕು

ಆ ಮನೆಯಲ್ಲಿ ಚಾಕು ಮಾಡುವವರು ಮಾವ. ಚಾಕು ಮುಗಿಯಿತು ಎಂದು ಹೇಳುವವಳು ಸೊಸೆ.

ಹಿತ್ತಿಲ ಶೆಡ್ಡಿನಲ್ಲಿ ಮಾವ ಉಕ್ಕು ಕಾಯಿಸಿ, ಬಡಿದು, ಎಣ್ಣೆಯಲ್ಲಿ ಅದ್ದಿ, ಉಜ್ಜಿ, ಮರದ ಹಿಡಿ ಹಾಕಿ, ಒಂದು ಚಾಕುವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ಅಲ್ಲಿಂದ ಮುಂದೆ ಅದು ಸೊಸೆಯ ಪಾಲು. ಕೆಲವು ದಿನ ಅವಳು ಅದರಲ್ಲೇ ಅಡುಗೆ ಮಾಡುತ್ತಾಳೆ. ಈರುಳ್ಳಿ, ಬ್ರೆಡ್ಡು, ಚೆನ್ನಾಗಿ ಹಣ್ಣಾದ ಟೊಮೇಟೊ. ಟೊಮೇಟೊ ಜಜ್ಜಬಾರದು, ಸೀಳಬೇಕು. ಆಮೇಲೆ ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅಲಗಿನ ಬೆನ್ನು ನೇರವಾಗಿದೆಯೇ ಎಂದು ನೋಡುತ್ತಾಳೆ. ಎಲ್ಲ ಸರಿಯಿದ್ದರೆ ಅದರ ಮೇಲೆ ಬೆಕ್ಕು ಕೂರಿಸುತ್ತಾಳೆ. ಬೆಕ್ಕಿಲ್ಲದ ಚಾಕು ಹೊಸಿಲು ದಾಟುವಂತಿಲ್ಲ. ಇದು ಅತ್ತೆ ಮಾಡಿದ ನಿಯಮ. ಅತ್ತೆ ಈಗಿಲ್ಲ. ನಿಯಮ ಇದೆ.

ಬೆಕ್ಕು ಎಂದರೆ ಆ ಮನೆಯ ಚಾಕುಗಳ ಲೋಗೊ. ಮೊದಲು ಮಾವ ಉಳಿಯಿಂದ ಎರಡು ಗೀಟು ಹೊಡೆದು ಕೊಟ್ಟುಬಿಡುತ್ತಿದ್ದರು. "ಗೀಟು ಯಾರು ಬೇಕಾದ್ರೂ ಹೊಡೀತಾರೆ" ಎಂದು ಅತ್ತೆ ಒಂದು ದಿನ ಕಾಗದ ತೆಗೆದುಕೊಂಡು, ಬಾಗಿಲಲ್ಲಿ ಕೂತಿದ್ದ ಬೆಕ್ಕನ್ನು ನೋಡಿ ನೋಡಿ ಬರೆದರು. ಅತ್ತೆಗೆ ಬಾರದ ಕೆಲಸ ಲೋಕದಲ್ಲಿ ಒಂದೇ ಇತ್ತು. ಅದು ಚಿತ್ರ ಬರೆಯುವುದು. ಎರಡು ಮೊನಚು ಕಿವಿ, ಎರಡು ದುಂಡು ಕಣ್ಣು, ಕೆಳಗೆ ಗಡಿಗೆಯಂಥ ಮೈ. ನೋಡಿದವರೆಲ್ಲ ಗೂಬೆ ಎಂದರು. ಅತ್ತೆ ಬೆಕ್ಕು ಎಂದರು. ಮಾವನೂ ಬೆಕ್ಕು ಎಂದರು. ಅವರ ಕಣ್ಣಿಗೆ ಆಗಲೇ ಪೊರೆ ಬರತೊಡಗಿತ್ತು. ಸಣ್ಣ ಗೆರೆಗಳೆಲ್ಲ ಮಂಜು ಮಂಜು. ಹೆಂಡತಿ ಬೆಕ್ಕು ಅಂದ ಮೇಲೆ ಅದು ಬೆಕ್ಕು.

ಬೆಕ್ಕು ಕೂರಿಸುವುದು ಊಟದ ಮೇಜಿನ ಮೇಲೆ. ಸ್ಟಿಕರ್ ಅಂಗಡಿಯವನು ಅತ್ತೆಯ ಚಿತ್ರವನ್ನು ಅಂಟುಹಾಳೆಯಲ್ಲಿ ಕೊರೆದು ಕೊಡುತ್ತಾನೆ. ಅಲಗನ್ನು ಸೋಪಿನಲ್ಲಿ ತೊಳೆದು, ಬೆರಳಿನ ಜಿಡ್ಡು ತಾಗದಂತೆ ಒರೆಸಿ, ಹಾಳೆ ಅಂಟಿಸಿ, ನೀರು ಒಳಗೆ ನುಗ್ಗದಂತೆ ಅದರ ಅಂಚಿಗೆ ಉಗುರುಬಣ್ಣ ಬಳಿಯಬೇಕು. ಆ ಮನೆಯಲ್ಲಿ ಉಗುರುಬಣ್ಣ ಉಗುರಿಗೆ ಹೋದದ್ದನ್ನು ಯಾರೂ ಕಂಡಿಲ್ಲ. ಆಮೇಲೆ ಹಳೆಯ ಬ್ಯಾಟರಿ ಚಾರ್ಜರಿನ ಎರಡು ವೈರು: ಕೆಂಪು ಕ್ಲಿಪ್ಪು ಅಲಗಿಗೆ, ಕಪ್ಪು ಕ್ಲಿಪ್ಪು ಹತ್ತಿ ಸುತ್ತಿದ ಮೊಳೆಗೆ. ಹತ್ತಿಯನ್ನು ಉಪ್ಪುನೀರಿನಲ್ಲಿ ಅದ್ದಿ ಹಾಳೆಯ ಮೇಲೆ ಒತ್ತಿದರೆ ಚುರ್ ಎಂದು ನೊರೆ ಬರುತ್ತದೆ. ಕೊರೆದ ಗೆರೆ ಇದ್ದಲ್ಲೆಲ್ಲ ಕರೆಂಟು ಉಕ್ಕನ್ನು ತಿನ್ನುತ್ತದೆ. ಕ್ಲಿಪ್ಪು ಅದಲುಬದಲಾದರೂ ನೊರೆಯೇನೋ ಬರುತ್ತದೆ. ಗುರುತು ಮಾತ್ರ ಬೀಳುವುದಿಲ್ಲ. ಆ ತಪ್ಪು ಆಗದಿರಲೆಂದು ಮಾವ ಕೆಂಪು ಕ್ಲಿಪ್ಪಿಗೆ ಮೇಲಿಂದ ಮೇಲೆ ಕೆಂಪು ಟೇಪು ಸುತ್ತಿ ಅದನ್ನು ಟೊಮೇಟೊ ಗಾತ್ರ ಮಾಡಿಟ್ಟಿದ್ದರು. "ಈಗ ಕುರುಡನಿಗೂ ಕಾಣುತ್ತೆ" ಎಂದಿದ್ದರು.

ಕಷ್ಟ ಶುರುವಾದದ್ದು ಅಲಗುಗಳು ಸೊಟ್ಟಗಾಗತೊಡಗಿದಾಗ. ಕಾದ ಉಕ್ಕನ್ನು ಎಣ್ಣೆಗೆ ಅದ್ದಿದಾಗ ಅದು ಒಂಚೂರು ತಿರುಚಿಕೊಳ್ಳುವುದು ಎಲ್ಲರಿಗೂ ಆಗುವ ಮಾತು. ಬಿಸಿ ಆರುವ ಮೊದಲೇ ನೋಡಿ ತಿದ್ದಬೇಕು. ಕಂಡರೆ ತಾನೆ ತಿದ್ದುವುದು.

ಸೊಸೆಗೆ ಹೇಳಲು ಬಾಯಿ ಬರಲಿಲ್ಲ.

"ಏನಮ್ಮಾ, ಬೆಕ್ಕು ಕೂತಿತಾ?"

"ಇಲ್ಲ ಮಾವ, ಹತ್ತಿ ಮುಗಿದಿದೆ."

ಇನ್ನೊಮ್ಮೆ ಹಾಳೆ ಬಂದಿಲ್ಲ ಎಂದಳು. ಮತ್ತೊಮ್ಮೆ ಏನೂ ಹೊಳೆಯದೆ ಉಪ್ಪು ಮುಗಿದಿದೆ ಎಂದುಬಿಟ್ಟಳು. ಅವತ್ತು ಊಟಕ್ಕೆ ಕೂತ ಮಾವ ಒಂದು ತುತ್ತು ಬಾಯಿಗಿಟ್ಟು, ಸ್ವಲ್ಪ ಹೊತ್ತು ಯೋಚಿಸಿ, "ಉಪ್ಪು ಹದವಾಗಿದೆ" ಎಂದರು.

"ಪಕ್ಕದ ಮನೆಯಿಂದ ತಂದೆ ಮಾವ."

"ಒಳ್ಳೆ ಜನ" ಎಂದು ಮಾವ ಊಟ ಮುಂದುವರಿಸಿದರು.

ಬೆಕ್ಕಿಲ್ಲದ ಚಾಕುಗಳು ತುಂಬಿ ಅಡುಗೆಮನೆಯ ಡ್ರಾಯರು ಮುಚ್ಚದಾಯಿತು. ಫ್ರಿಜ್ಜು ರಿಪೇರಿ ಮಾಡುವ ಗಂಡ ಚಮಚ ಹುಡುಕಲು ಹೋಗಿ ಬೆರಳು ಕೊಯ್ದುಕೊಂಡ.

"ಮನೇಲಿರೋದು ಮೂರು ಜನ. ಚಾಕು ಮಾತ್ರ ಒಂದು ದಂಡಿಗಾಗೋಷ್ಟಿದೆ. ಅಪ್ಪನಿಗೆ ಹೇಳಿಬಿಡು."

"ನಿಮ್ಮಪ್ಪ. ನೀವೇ ಹೇಳಿ."

"ಪಾಸು ಫೇಲು ಮಾಡೋಳು ನೀನು. ನನ್ನ ತಲೆ ಮೇಲೆ ಗೂಬೆ ಕೂರಿಸಬೇಡ."

"ಗೂಬೆ ಅಲ್ಲ, ಬೆಕ್ಕು" ಎಂದು ಸೊಸೆ ಅವನ ಬೆರಳಿಗೆ ಬಟ್ಟೆ ಸುತ್ತಿದಳು.

ಕಣ್ಣು ತೋರಿಸೋಣ ಎಂದು ಗಂಡ ಅಪ್ಪನ ಹತ್ತಿರ ಮಾತೆತ್ತಿದ್ದುಂಟು. "ಚಾಕು ಕೆಟ್ಟಿದ್ರೆ ಇವಳು ಹೇಳ್ತಿರಲಿಲ್ವಾ? ಹತ್ತಿ ಇಲ್ಲ, ಹಾಳೆ ಇಲ್ಲ ಅಂತಾಳೆ, ಅಷ್ಟೆ. ಅಂದ್ಮೇಲೆ ನನ್ನ ಕಣ್ಣು ಸರಿಯಾಗಿದೆ" ಎಂದು ಮಾವ ವಾದ ಮುಗಿಸಿದ್ದರು. ಬಾಗಿಲ ತನಕ ಹೋಗಿ ತಿರುಗಿ ಇನ್ನೊಂದು ಮಾತನ್ನೂ ಸೇರಿಸಿದ್ದರು: "ಅಲ್ಲದೆ, ಕಣ್ಣಿಗೆ ಚಾಕು ಹಾಕ್ತಾರೆ. ಆ ಚಾಕು ಯಾರು ಮಾಡಿದ್ದೋ ಏನೋ." ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡ ಸೊಸೆಗೆ, ತಾನು ಹೇಳಿದ ಒಂದೊಂದು ನೆಪವೂ ಮಾವನ ಕಣ್ಣಿನ ಮೇಲೆ ಒಂದೊಂದು ಪದರ ಪೊರೆಯಾಗಿ ಕೂತಂತೆ ಅನ್ನಿಸಿತು. ಹೋದ ವಾರ ಅವರ ಅಂಗಿಯ ತೋಳು ಕುಲುಮೆಯಲ್ಲಿ ಸುಟ್ಟಿತ್ತು. ಇನ್ನೊಂದು ಸಲ ಸುಡುವುದು ತೋಳೇ ಆದರೆ?

ಆ ಹೊತ್ತಿಗೆ ಹೋಟೆಲಿನ ಅಡುಗೆಯಾಕೆ ಬಂದರು. ಹಳೆಯ ಗಿರಾಕಿ. ಅವರ ಚಾಕು ಮಸೆದು ಮಸೆದು ಸೂಜಿಗೆ ಅಣ್ಣನಂತಾಗಿತ್ತು.

"ಯಜಮಾನ್ರೇ, ನನ್ನ ಗೂಬೆ ಸಾಯೋಕೆ ಬಿದ್ದಿದೆ. ಹೊಸದೊಂದು ಗೂಬೆ ಕೊಡಿ."

"ಬೆಕ್ಕು" ಎಂದರು ಮಾವ.

"ಆಯ್ತಪ್ಪಾ, ರೆಕ್ಕೆ ಇಲ್ಲದ ಬೆಕ್ಕು. ಬೇಗ ಕೊಡಿ."

ಮಾವ ಚಾಕು ಮಾಡಿದರು. ಸೊಸೆ ಅದರಲ್ಲಿ ಟೊಮೇಟೊ ಹೆಚ್ಚಿದಳು. ಕಿಟಕಿಗೆ ಹಿಡಿದು ನೋಡಿದಳು. ಅಲಗಿನ ತುದಿ, ಯಾರೋ ಹೆಸರು ಹಿಡಿದು ಕರೆದಂತೆ, ಎಡಕ್ಕೆ ತಿರುಗಿ ನೋಡುತ್ತಿತ್ತು.

ಮರುದಿನ ಬೆಳಗ್ಗೆ ತಿಂಡಿಯಾದ ಮೇಲೆ ಮಾವ ಶೆಡ್ಡಿಗೆ ಹೋಗಲಿಲ್ಲ. ಅತ್ತೆ ಹೋದಂದಿನಿಂದ ಯಾರೂ ಕೂರದ ಕುರ್ಚಿಯನ್ನು ಎಳೆದುಕೊಂಡು ಮೇಜಿಗೆ ಕೂತರು. ಜೇಬಿನಿಂದ ಹತ್ತಿಯ ಸುರುಳಿ ತೆಗೆದಿಟ್ಟರು. ಅದರ ಪಕ್ಕ ಒಂದು ಪೊಟ್ಟಣ ಉಪ್ಪು.

"ಇವತ್ತು ನನ್ನೆದುರಿಗೇ ಕೂರಿಸಮ್ಮಾ. ಚಾಕು ಹೇಗಿದೆ?"

"ಹಿಡಿ ತುಂಬ ಚೆನ್ನಾಗಿದೆ ಮಾವ."

"ಹಿಡಿ ಕೇಳ್ಲಿಲ್ಲ."

ಸೊಸೆ ಮಾವನ ಮುಖ ನೋಡಿದಳು. ಅವರು ತನ್ನನ್ನು ನೋಡುತ್ತಿದ್ದಾರೋ ತನ್ನ ಪಕ್ಕದ ಗೋಡೆಯನ್ನೋ ತಿಳಿಯಲಿಲ್ಲ. ಇದೊಂದಕ್ಕೆ ಕೂರಿಸಿಬಿಡೋಣ ಎಂದು ಅವಳು ತೀರ್ಮಾನಿಸಿದಳು. ತೊಳೆದಳು, ಒರೆಸಿದಳು, ಹಾಳೆ ಅಂಟಿಸಿದಳು, ಉಗುರುಬಣ್ಣ ಬಳಿದಳು. ಕ್ಲಿಪ್ಪು ಸಿಕ್ಕಿಸಿದಳು. ಹತ್ತಿ ಒತ್ತಿದಳು. ಚುರ್ ಎಂದಿತು, ನೊರೆ ಬಂತು. ಬೇಕಾದುದಕ್ಕಿಂತ ಹೆಚ್ಚು ಹೊತ್ತು ಒತ್ತಿದಳು. ಹಾಳೆ ಕಿತ್ತಳು.

ಅಲಗಿನ ಮೇಲೆ ಏನೂ ಇರಲಿಲ್ಲ.

ಮಾವ ಕೈ ಚಾಚಿದರು. ಆ ಮಂಜಿನಲ್ಲೂ ಅವರಿಗೆ ಕಾಣುತ್ತಿದ್ದ ವಸ್ತು ಮೇಜಿನ ಮೇಲೆ ಒಂದೇ: ಟೊಮೇಟೊ ಗಾತ್ರದ ಕೆಂಪು. ಅದು ಅಲಗಿನ ಮೇಲಿರಬೇಕಿತ್ತು. ಮೊಳೆಯ ಮೇಲಿತ್ತು. ಅವರು ಅದನ್ನು ಮುಟ್ಟಿ ನೋಡಿ ಬಿಟ್ಟರು. ಚಾಕುವನ್ನು ಎತ್ತಿಕೊಂಡು ಅಲಗಿನ ಬೆನ್ನಿನ ಮೇಲೆ ಹೆಬ್ಬೆರಳನ್ನು ಹಿಡಿಯಿಂದ ತುದಿಯವರೆಗೆ ಮೆಲ್ಲಗೆ ಓಡಿಸಿದರು. ತುದಿಯ ಹತ್ತಿರ ಬೆರಳು ನಿಂತಿತು.

"ಬೆಕ್ಕು ಕೂರಲಿಲ್ಲ."

"ಇಲ್ಲ ಮಾವ."

"ಯಾವಾಗಿನಿಂದ ಕೂರ್ತಿಲ್ಲ?"

ಸೊಸೆ ಎದ್ದು ಡ್ರಾಯರು ಎಳೆದಳು. ಅದರ ಸದ್ದೇ ಸಾಕಾಯಿತು.

"ಮೊದಲೇ ಹೇಳ್ಬೇಕಿತ್ತು ನೀನು."

"ಹೇಗೆ ಹೇಳ್ಲಿ ಮಾವ?"

"ಅವಳು ಹೇಗೆ ಹೇಳ್ತಿದ್ಲು?"

"ಅತ್ತೆ ನಿಮ್ಮನ್ನ ಬೈತಿದ್ರು."

"ಹಾಂ, ಹಾಗೆ."

"ನಂಗೆ ಬೈಯೋಕೆ ಬರಲ್ಲ."

"ಕಲಿತ್ಕೋ" ಎಂದು ಮಾವ ಆ ಚಾಕುವನ್ನು ಉಳಿದವುಗಳ ಜೊತೆ ಇಟ್ಟು, ಡ್ರಾಯರು ಮುಚ್ಚಲು ನೋಡಿ, ಮುಚ್ಚದಿದ್ದಾಗ ಹಾಗೇ ಬಿಟ್ಟರು. ಆಮೇಲೆ ಮಗನನ್ನು ಕರೆದು, ಆ ಕಣ್ಣಿನ ಡಾಕ್ಟರು ಬೆಳಗ್ಗೆ ಸಿಗುತ್ತಾರೋ ಸಂಜೆಯೋ ಎಂದು ಕೇಳಿದರು.

ಬೇಕಂತಲೇ ಕ್ಲಿಪ್ಪು ಬದಲಾಯಿಸಿದೆಯಾ ಎಂದು ಗಂಡ ಅವಳನ್ನು ಕೇಳಿದ. ಅವಳು ಇನ್ನೂ ಯೋಚಿಸುತ್ತಿದ್ದಾಳೆ.

ಒಂದು ಕಣ್ಣಾಯಿತು, ಕೆಲವು ವಾರ ಬಿಟ್ಟು ಇನ್ನೊಂದು ಆಯಿತು. ಡಾಕ್ಟರ ಚಾಕು ಹೇಗಿತ್ತು ಎಂದು ಮಗ ಕೇಳಿದರೆ, "ಹಿಡಿ ಅಷ್ಟಕ್ಕಷ್ಟೆ" ಎಂದರು. ಅಡುಗೆಯಾಕೆ ಎರಡು ಸಲ ಬಂದು, ಗೂಬೆಗೆ ಹಗಲು ಕಣ್ಣು ಕಾಣಲ್ಲ ಅಂತ ಗೊತ್ತು, ಅದನ್ನ ಮಾಡೋರಿಗೂ ಹಾಗೇನಾ ಎಂದು ಕೂಗಾಡಿ ಹೋದರು. ಕಪ್ಪು ಕನ್ನಡಕ ತೆಗೆದ ದಿನ ಮಾವ ಮೊದಲು ಹೋದದ್ದು ಡ್ರಾಯರಿನ ಹತ್ತಿರ. ಒಂದೊಂದೇ ಚಾಕು ಎತ್ತಿ ಕಿಟಕಿಗೆ ಹಿಡಿದರು. ಕೊನೆಯದನ್ನು ಇಟ್ಟು, "ಇಷ್ಟು ಒಳ್ಳೆ ಸೊಸೆ ಯಾರಿಗೂ ಬೇಡ" ಎಂದರು.

ಹೊಸ ಚಾಕು ಕಟ್ಟೆಗೆ ಬಂತು. ಟೊಮೇಟೊ ಸೀಳಿತು. ಬೆನ್ನು ನೇರವಿತ್ತು. ಸೊಸೆ ಕೆಂಪನ್ನು ಅಲಗಿಗೆ ಸಿಕ್ಕಿಸಿ, ಎರಡೆರಡು ಸಲ ನೋಡಿಕೊಂಡು, ಹತ್ತಿ ಒತ್ತಿದಳು. ಹಾಳೆ ಕಿತ್ತು, ತೊಳೆದು, ಒರೆಸಿ ಕೊಟ್ಟಳು.

ಮಾವ ಅದನ್ನು ಬೆಳಕಿಗೆ ಹಿಡಿದರು. ಹೆಂಡತಿ ಬರೆದ ಚಿತ್ರವನ್ನು ಅವರು ಗೆರೆ ಗೆರೆಯಾಗಿ ನೋಡುತ್ತಿದ್ದುದು ಇದೇ ಮೊದಲು. ಮೊನಚು ಕಿವಿ. ದುಂಡು ಕಣ್ಣು. ಗಡಿಗೆಯಂಥ ಮೈ. ಅಲಗನ್ನು ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು.

"ಇದು ಬೆಕ್ಕಾ?"

"ಅತ್ತೆ ಹಾಗೇ ಅಂದಿದ್ರು ಮಾವ."

ಮಾವ ಹೆಬ್ಬೆರಳಿನಿಂದ ಆ ಎರಡು ಕಿವಿಗಳನ್ನು ಒಂದು ಸಲ ಸವರಿದರು. ಹೊರಗೆ ಗೇಟು ಕಿರ್ ಎಂದಿತು.

"ಯಜಮಾನ್ರೇ, ಗೂಬೆ ಆಯ್ತಾ?"

"ಬೆಕ್ಕು!" ಎಂದು ಮಾವ ಒಳಗಿನಿಂದಲೇ ಕೂಗಿದರು.