ವಳ್ಳೂರಿಗೆ ಒಯ್ದ ನೇರಳೆ ಜಿನ್

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ತುಮಕೂರಿನಲ್ಲಿ ಪಾವಗಡದ ಬಸ್ ಹತ್ತಿದಾಗ ನನ್ನ ಕೈಚೀಲದಲ್ಲಿ ಒಂದು ಸೀರೆ, ಒಂದು ಟವೆಲ್, ಆ ಟವೆಲಿನೊಳಗೆ ಒಂದು ಬಾಟಲಿ ಜಿನ್ ಇದ್ದವು. ತಲೆ ನೆರೆತ, ಹಣೆಗೆ ಕುಂಕುಮ ಇಟ್ಟ ಹೆಂಗಸು ಹಿರಿಯರ ಹಬ್ಬದ ದಿನ ಇಂಥದ್ದನ್ನು ಹೊತ್ತು ಹೋಗುತ್ತಾಳೆಂದು ಯಾರೂ ಅಂದುಕೊಳ್ಳುವುದಿಲ್ಲ. ಆದರೂ ಕಂಡಕ್ಟರ್ ಆಧಾರ್ ನೋಡಿ ಸೊನ್ನೆ ಟಿಕೆಟ್ ಹರಿದು ಕೊಡುವಾಗ ಚೀಲವನ್ನು ಕಾಲಿನಿಂದ ಮೆಲ್ಲಗೆ ಸೀಟಿನ ಕೆಳಗೆ ತಳ್ಳಿದೆ.

ಈ ಜಿನ್ ಮನೆಯಲ್ಲೇ ತಯಾರಾದದ್ದು. ಹಾಗೆಂದು ಭಟ್ಟಿ ಇಳಿಸುವ ಸಾಹಸವೇನೂ ಅಲ್ಲ. ಅಂಗಡಿಯ ಜಿನ್ ತಂದು ಹಣ್ಣು ನೆನೆಹಾಕುತ್ತೇನೆ, ಅಷ್ಟೆ. ಕೆಲಸದಿಂದ ನಿವೃತ್ತಳಾದ ಮೇಲೆ ಉಪ್ಪಿನಕಾಯಿ ಹಾಕಿ ಹಾಕಿ ಬೇಜಾರಾಗಿ ಹಿಡಿದ ಹುಚ್ಚು ಇದು. ನನ್ನ ತಂಗಿಯಂತೂ "ನಮ್ಮಕ್ಕ ಮನೇಲೇ ಬಾರ್ ಇಟ್ಟಿದ್ದಾಳೆ" ಎಂದು ನೆಂಟರಿಷ್ಟರಿಗೆಲ್ಲ ಸಾರಿಬಿಟ್ಟಿದ್ದಾಳೆ. ಹೊರದೇಶದವರು ಇದಕ್ಕೆ ಬ್ಲ್ಯಾಕ್‌ಬೆರಿ ಹಾಕುತ್ತಾರಂತೆ. ನಮ್ಮ ಸೀಮೆಯಲ್ಲಿ ಅದನ್ನು ಎಲ್ಲಿಂದ ತರಲಿ? ನೇರಳೆ ಹಣ್ಣನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದೊಂದಕ್ಕೂ ಸೂಜಿ ಚುಚ್ಚಿ ಜಾಡಿಗೆ ತುಂಬುತ್ತೇನೆ. ಸ್ವಲ್ಪ ಸಕ್ಕರೆ, ಒಂದು ಚೂರು ಚಕ್ಕೆ, ಮೇಲೆ ಜಿನ್. ಕತ್ತಲ ಮೂಲೆಯಲ್ಲಿಟ್ಟು ದಿನಾ ಒಮ್ಮೆ ಅಲುಗಿಸಬೇಕು. ಮೂರು ತಿಂಗಳು ಕಳೆಯುವಷ್ಟರಲ್ಲಿ ಹಣ್ಣು ಬಿಳಿಚಿಕೊಂಡು ಅದರ ಬಣ್ಣವೆಲ್ಲ ಜಿನ್ನಿಗೆ ಇಳಿದಿರುತ್ತದೆ. ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿದರೆ ಮುಗಿಯಿತು.

ಈ ಸಲದ ಹಣ್ಣು ಕೊಟ್ಟವನು ಪಾವಗಡ ತಾಲ್ಲೂಕಿನ ವಳ್ಳೂರಿನ ಕುರಿಗಾಹಿ ಚಿತ್ತಪ್ಪ. ಜೂನಿನಲ್ಲಿ ತಿರುಮಣಿಗೆ ಒಂದು ಮದುವೆಗೆ ಹೋಗಿದ್ದವಳು ದಾರಿಬದಿಯ ಮರದಡಿ ರಾಶಿ ಬಿದ್ದಿದ್ದ ನೇರಳೆ ನೋಡಿ ಆಟೋ ನಿಲ್ಲಿಸಿದ್ದೆ. ಮರದ ಬುಡದಲ್ಲಿ ಬೀಡಿ ಸೇದುತ್ತಾ ಕೂತಿದ್ದ ಮುದುಕ ಕಾಸು ಮುಟ್ಟದೆ ಚೀಲ ತುಂಬಿಕೊಟ್ಟ. "ಇಷ್ಟೊಂದು ಹಣ್ಣು ಏನ್ಮಾಡ್ತೀಯಮ್ಮ?" ಎಂದು ಕೇಳಿದ. ಹೇಳಿದೆ. ಮುದುಕ ಕೆಮ್ಮುವಷ್ಟು ನಕ್ಕ. "ಅಂಗಾರೆ ನಂಗೊಂದು ಬಾಟ್ಲಿ ಮಡುಗು. ನಾನೆಲ್ಲಿಗೋಗ್ತೀನಿ, ಇಲ್ಲೇ ಇರ್ತೀನಿ" ಎಂದು ಮಗನನ್ನು ಕೂಗಿ ನನ್ನ ನಂಬರನ್ನು ಅವನ ಫೋನಿಗೆ ಹಾಕಿಸಿದ.

ಶ್ರಾವಣದಲ್ಲಿ ಆ ಮಗ ಓಬಳೇಶ ಫೋನ್ ಮಾಡಿದ. ಅಪ್ಪ ಅದೇ ಮರದಡಿಯಲ್ಲಿ ಕುಸಿದು ತೀರಿಕೊಂಡನಂತೆ. ಕೊನೆಯ ಮಾತು "ಅದಿ ಅಯ್ಯಿಂದಾ?" ಎಂದಿತ್ತಂತೆ. ತೆಲುಗಿನಲ್ಲಿ, ಅದು ಆಯಿತಾ ಎಂದು. ಹಬ್ಬದ ದಿನ ಎಡೆಗೆ ಇಡಬೇಕು, ನೀವೇ ತರಬೇಕು ಎಂದು ಓಬಳೇಶ ಪಟ್ಟು ಹಿಡಿದ. ಕೊಟ್ಟ ಮಾತಿತ್ತಲ್ಲ, ಹೊರಟೆ.

ಕೊರಟಗೆರೆಯಲ್ಲಿ ಗೊರವನಹಳ್ಳಿ ದೇವಸ್ಥಾನಕ್ಕೆ ಹೋಗುವ ಹೆಂಗಸರು ಗುಂಪಾಗಿ ಇಳಿದರು. ನನ್ನ ಪಕ್ಕದವಳು ಏಳುತ್ತಾ ಮೂಗು ಅರಳಿಸಿ, "ನೇರಳೆ ಹಣ್ಣಿನ ವಾಸ್ನೆ ಬತ್ತೈತೆ, ಈಗೆಲ್ಲಿ ಸಿಕ್ತಮ್ಮ?" ಎಂದಳು. ಬಾಟಲಿಯ ಬಾಯಿಗೆ ಮೇಣ ಸುರಿದು ಮುಚ್ಚಿದ್ದವಳು ನಾನೇ. ಬಗ್ಗಿ ಮುಟ್ಟಿ ನೋಡಿದೆ. ಮೇಣ ಹಾಗೇ ಇತ್ತು, ಟವೆಲ್ ಒದ್ದೆಯಾಗಿರಲಿಲ್ಲ.

ಮಧುಗಿರಿಯಲ್ಲಿ ಬಸ್ ಸ್ವಲ್ಪ ಹೊತ್ತು ನಿಂತಿತು. ಬೆಟ್ಟದ ಮೇಲರ್ಧ ಮೋಡದಲ್ಲಿ ಮುಚ್ಚಿಹೋಗಿತ್ತು. ನಿಲ್ದಾಣದ ಎದುರು ಇಡ್ಲಿ ವಡೆ ತಿಂದೆ. ಚಟ್ನಿ ಖಾರವಾಗಿ ಚೆನ್ನಾಗಿತ್ತು. ಮಿಡಿಗೇಶಿ ದಾಟಿದ ಮೇಲೆ ಬಸ್ಸಿನೊಳಗಿನ ಮಾತು ಅರ್ಧಕ್ಕರ್ಧ ತೆಲುಗಾಯಿತು. ಹೊರಗೆ ಕಡಲೆಕಾಯಿ ಹೊಲ, ಬಂಡೆ, ಮತ್ತೆ ಬಂಡೆ. ಮೋಡ ಕವಿದಿದ್ದರೂ ಒಂದು ಹನಿ ಬೀಳಲಿಲ್ಲ.

ಪಾವಗಡದಲ್ಲಿ ಓಬಳೇಶ ಬೈಕ್ ತಂದು ಕಾಯುತ್ತಿದ್ದ. ಸೋಲಾರ್ ಪ್ಲೇಟು ತೊಳೆಯುವುದು ಅವನ ಕೆಲಸ. ತಿರುಮಣಿ ಹತ್ತಿರವಾಗುತ್ತಿದ್ದಂತೆ ರಸ್ತೆಯ ಎರಡೂ ಕಡೆ ಆ ಪ್ಲೇಟುಗಳೇ. ಬಿಸಿಲಿಲ್ಲದ ದಿನ ದೂರಕ್ಕೆ ತುಂಬಿದ ಕೆರೆಯಂತೆ ಕಾಣುತ್ತಿದ್ದವು. ಆದರೆ ಕೆರೆಯಲ್ಲಿ ಅಲೆ ಇರುತ್ತದೆ, ದಡದಲ್ಲಿ ಕೊಕ್ಕರೆ ಇರುತ್ತದೆ. ಇಲ್ಲಿ ಗುಂಯ್ ಎನ್ನುವ ಒಂದೇ ಸದ್ದು, ಎಲ್ಲಿಂದ ಬರುತ್ತದೆಂದು ತಿಳಿಯದು. ನೇರಳೆ ಮರ ಬೇಲಿಯ ಹೊರಗೆ ಒಂಟಿಯಾಗಿ ನಿಂತಿತ್ತು. ಸೋಲಾರಿಗೆ ಜಮೀನು ಗುತ್ತಿಗೆಗೆ ಕೊಡುವಾಗ ಚಿತ್ತಪ್ಪ ಆ ಮರದ ಜಾಗವನ್ನು ಮಾತ್ರ ಉಳಿಸಿಕೊಂಡಿದ್ದನಂತೆ.

ಮರದ ಹತ್ತಿರ ಓಬಳೇಶ ಬೈಕ್ ನಿಲ್ಲಿಸಿದ. ಮನೆಗೆ ಹೋಗುವ ಮುಂಚೆ ಅವನು ಹೇಳಬೇಕೆಂದುಕೊಂಡಿದ್ದ ಮಾತೊಂದಿತ್ತು.

"ದಿನಾ ದೀಪ ಹಚ್ಚೋ ಹೊತ್ಗೆ ಬಾಗ್ಲತ್ರ ಅಪ್ಪ ಕೆಮ್ತಾನೆ ಅಕ್ಕ. ನನ್ ಹೆಂಡ್ರು ಹೆದ್ರಿ ಕೂಸ್ನ ಕರ್ಕಂಡು ತವರಿಗೆ ಹೋಗ್ಬುಟ್ಟವ್ಳೆ. ಕೆಮ್ಮು ನಿಲ್ಲೋಗಂಟ ಬರಾಕಿಲ್ಲ ಅಂತಾಳೆ. ಆಸೆ ತೀರಿದ್ರೆ ಅಪ್ಪ ಹೋಗ್ತಾನೆ."

"ಕುರಿ ಕೆಮ್ಮಿರಬಹುದು ಕಣಪ್ಪ."

"ಕುರಿ ಕೆಮ್ಮು ಯಾವ್ದು, ಅಪ್ಪನ್ ಕೆಮ್ಮು ಯಾವ್ದು ಅಂತ ನಂಗೊತ್ತಾಗಲ್ವಾ?"

ನನಗೆ ಇಂಥದ್ದರಲ್ಲಿ ನಂಬಿಕೆ ಕಡಿಮೆ. ಆದರೆ ಮಗುವನ್ನು ನೋಡದೆ ಸೊರಗಿದ ಅವನ ಮುಖ ನೋಡಿ, ಚೀಲ ಎತ್ತಿಕೊಂಡು ಮತ್ತೆ ಬೈಕ್ ಹತ್ತಿದೆ.

ಚಿತ್ತಪ್ಪನ ಹೆಂಡತಿ ಹನುಮಕ್ಕ ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಇದ್ಕೇನಾ ಅಷ್ಟು ಜೀವ ಬುಡ್ತಿದ್ದ?" ಎಂದಳು. ಧ್ವನಿಯಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಿದ್ದಂತೆ ಕಂಡಿತು.

ಸಂಜೆ ಒಳಕೋಣೆಯಲ್ಲಿ ಎಡೆ ಇಟ್ಟರು. ಮುದ್ದೆ, ಬಾಡಿನ ಸಾರು, ವಡೆ, ಎಲೆ ಅಡಿಕೆ, ಒಂದು ಕಟ್ಟು ಬೀಡಿ, ಹೊಸ ಪಂಚೆ. ಹನುಮಕ್ಕ ಬಾಟಲಿ ಬಿಚ್ಚಿ ಒಂದು ಗಾಜಿನ ಲೋಟದ ತುಂಬ ಸುರಿದಳು. ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲೆಂದು ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. "ಬಾಟ್ಲಿ ನಾನೇ ಎಡೆ ಹತ್ರ ಮಡುಗಿ ಬತ್ತೀನಿ, ನೀವು ನಡೀರಿ" ಎಂದಳು. ಅವಳು ಹೊರಗೆ ಬಂದಾಗ ಸೆರಗಿನ ಕೆಳಗೆ ಬಾಟಲಿ ಉಬ್ಬಿ ಕಾಣುತ್ತಿತ್ತು. ನನಗೆ ಕಂಡಿತು, ಮಗನಿಗೆ ಕಾಣಲಿಲ್ಲ. ಅವಳು ಯಾಕೆ ಬಚ್ಚಿಟ್ಟುಕೊಂಡಳೆಂದು ಅರ್ಥವಾಗಲಿಲ್ಲ, ಕೇಳುವಂತೆಯೂ ಇರಲಿಲ್ಲ.

ಮೂವರೂ ಜಗಲಿಯ ಮೇಲೆ ನಿಂತೆವು. ಮನೆಯೊಳಗೆ ಬೇರೆ ಯಾರೂ ಇರಲಿಲ್ಲ, ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದ್ದನ್ನು ನಾನೇ ನೋಡಿದ್ದೆ. ಕತ್ತಲಾಗುತ್ತಿತ್ತು. ಇದ್ದಕ್ಕಿದ್ದಂತೆ ದೊಡ್ಡಿಯಲ್ಲಿ ಮಲಗಿದ್ದ ಕುರಿಗಳೆಲ್ಲ ಒಟ್ಟಿಗೆ ಎದ್ದು ನಿಂತು ಮನೆಯ ಬಾಗಿಲ ಕಡೆ ಮುಖ ಮಾಡಿದವು. ಒಂದೂ ಕೂಗಲಿಲ್ಲ. ಆಗ ಕೆಮ್ಮು ಕೇಳಿಸಿತು, ಮುಚ್ಚಿದ ಮನೆಯ ಒಳಗಿನಿಂದ. ಬೀಡಿ ಸೇದುವವರ ಒಣ ಕೆಮ್ಮು. ಜೂನಿನಲ್ಲಿ ಮರದಡಿ ಕೇಳಿದ್ದು ಅದೇ.

"ವಚ್ಚಾಡು," ಎಂದಳು ಹನುಮಕ್ಕ. ಬಂದ, ಎಂದು. ಅಂಗಡಿಯಿಂದ ಬಂದವನ ಸುದ್ದಿ ಹೇಳಿದಷ್ಟು ಸಹಜವಾಗಿ ಹೇಳಿದಳು.

ಸ್ವಲ್ಪ ಹೊತ್ತು ಬಿಟ್ಟು ಓಬಳೇಶ ಬಾಗಿಲು ತಟ್ಟಿ ತೆಗೆದ. ದೀಪ ನೆಟ್ಟಗೆ ಉರಿಯುತ್ತಿತ್ತು. ಮುದ್ದೆ ಮುಟ್ಟಿರಲಿಲ್ಲ. ಲೋಟ ಮಾತ್ರ ಅರ್ಧಕ್ಕೆ ಇಳಿದಿತ್ತು. ತಾನಾಗಿ ಆರಿದ್ದರೆ ಗಾಜಿನ ಸುತ್ತಲೂ ಒಂದೇ ಸಮ ಗೆರೆ ಉಳಿಯುತ್ತದೆ, ಅದೂ ದಿನಗಟ್ಟಲೆ ಬೇಕು. ಇಲ್ಲಿ ನೇರಳೆಯ ಬಣ್ಣ ಒಂದು ಪಕ್ಕದಲ್ಲಿ ಮಾತ್ರ ಅಂಚಿನ ತನಕ ಏರಿತ್ತು. ಲೋಟ ಎತ್ತಿ ಬಾಯಿಗೆ ಬಗ್ಗಿಸಿದರೆ ಆಗುವ ಕಲೆ ಅದು. ಓಬಳೇಶ ಅಳುತ್ತಲೇ ಕೈಮುಗಿದು, ಹೆಂಡತಿಗೆ ಫೋನ್ ಹಚ್ಚಲು ಹೊರಗೆ ಓಡಿದ. ಹನುಮಕ್ಕ ಗೋಡೆಗೆ ಒರಗಿ ಕೂತು ಲೋಟವನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಮಧ್ಯಾಹ್ನ, ಮಗ ಕೆಲಸಕ್ಕೆ ಹೋಗಿದ್ದಾಗ, ಅವಳೇ ನನ್ನನ್ನು ಆಟೋ ಸಿಗುವ ಕಡೆಗೆ ಕಳಿಸಲು ಬಂದಳು. ನೇರಳೆ ಮರದಡಿ ನಿಂತು ಸೆರಗಿನಿಂದ ಬಾಟಲಿ ತೆಗೆದಳು.

"ಇದ್ನ ನಿಮ್ಮನೇಗೆ ತಗಂಡೋಗು ತಾಯಿ."

"ಅವರಿಗೇ ಅಂತ ತಂದದ್ದಲ್ವಾ ಹನುಮಕ್ಕ?"

"ಎಲ್ಲಾ ಕುಡುದ್ರೆ ಹೋಗ್ಬುಡ್ತಾನೆ. ಆಸೆ ಒಂಚೂರು ಉಳೀಲಿ. ಮನೇಲಿದ್ರೆ ಹುಡೀಕ್ಕಂಡು ಕುಡೀತಾನೆ, ಅದ್ಕೇ ನಿನ್ ಕೈಲಿ ಕೊಡ್ತಿರಾದು."

"ಮತ್ತೆ ನಿಮ್ಮ ಸೊಸೆ, ಮಗು?"

"ಅವ್ಳು ಚಿಕ್ಕೋಳು, ಕೆಮ್ಮಿಗೆ ಒಗ್ಗಿಕಂತಾಳೆ. ಸದ್ದಿಲ್ದಿರೋ ಮನೇಗೆ ನಾನೆಂಗೆ ಒಗ್ಗಲಿ, ಈ ವಯಸ್ನಾಗೆ?"

ಮಗನಿಗೆ ಮೋಸವಾಗುತ್ತದೆ, ನಾನು ಒಯ್ಯಲಾರೆ ಎನ್ನಬೇಕಿತ್ತು. ಅದರ ಬದಲು ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡೆ. ಪಾವಗಡದಲ್ಲಿ ಖಾಸಗಿ ಬಸ್ ಸಿಕ್ಕಿತು. ಮಧುಗಿರಿಯಲ್ಲಿ ಮಳೆ ಹಿಡಿಯಿತು. ತುಮಕೂರು ಸೇರುವಷ್ಟರಲ್ಲಿ ಬೀದಿ ದೀಪ ಹತ್ತಿದ್ದವು. ಬಾಟಲಿಯನ್ನು ಅಡುಗೆಮನೆಯ ಗೂಡಿನ ಹಿಂಭಾಗದಲ್ಲಿಟ್ಟೆ.

ನವರಾತ್ರಿ ಮುಗಿಯುವ ಹೊತ್ತಿಗೆ ಒಂದು ಸಂಜೆ ಹನುಮಕ್ಕನ ಫೋನ್ ಬಂತು. ಸೊಸೆ ಬಂದಿದ್ದಾಳೆ, ಕೂಸು ಅಂಬೆಗಾಲಿಡುತ್ತಿದೆ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಅಮಾಸೆಯಿಂದ ಒಂದಿನಾನೂ ಬಂದಿಲ್ಲ ತಾಯಿ. ಬಾಟ್ಲಿ ಕಳ್ಸಿ ತಪ್ಪು ಮಾಡ್ಬುಟ್ನೇನೋ. ಅಲ್ಲಿಗೇನಾರ ಬಂದವ್ನಾ?"

ವಳ್ಳೂರಿಂದ ಬಂದ ಮಾರನೆಯ ದಿನದಿಂದ ಸಂಜೆ ಹೊತ್ತು ನನ್ನ ಗೇಟಿನ ಬಳಿ ಕೇಳಿಸುತ್ತಿದ್ದ ಸದ್ದನ್ನು ಪಕ್ಕದ ಮನೆಯವರದೆಂದು ನಂಬಿಕೊಂಡು ದಿನ ದೂಡುತ್ತಿದ್ದೆ. ಇಲ್ಲ ಎನ್ನಲು ಆಗಲಿಲ್ಲ. ಬಾಗಿಲು ತೆರೆದು ಫೋನನ್ನು ಹೊರಗೆ ಚಾಚಿ ಹಿಡಿದೆ. ಹೆಚ್ಚು ಕಾಯಬೇಕಾಗಲಿಲ್ಲ.

ಫೋನನ್ನು ಮತ್ತೆ ಕಿವಿಗೆ ಇಟ್ಟುಕೊಂಡೆ.

"ಕೆಮ್ಮು ಜಾಸ್ತಿ ಆಗೈತಲ್ಲ," ಎಂದಳು ಹನುಮಕ್ಕ. "ಅವ್ನಿಗೆ ಬಿಸ್ನೀರು ಮಡುಗು ತಾಯಿ. ತಣ್ಣೀರು ಆಗಾಕಿಲ್ಲ."