ಸೀಸೆಯಕ್ಕನ ಹೆಪ್ಪು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಸೀಸೆಯಕ್ಕ ಎನ್ನುತ್ತಿದ್ದರು. ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷ ಕಂದು ಗಾಜಿನ ಸೀಸೆಗಳನ್ನು ಕಾದವಳಿಗೆ ಬೇರೆ ಹೆಸರು ಅಂಟುವುದಾದರೂ ಹೇಗೆ? ಮದುವೆಯ ಮಾತು ಬಂದಾಗಲೆಲ್ಲ ಕೈಯಲ್ಲಿರುವ ಸೀಸೆಗಳು ಮುಗಿಯಲಿ ಎನ್ನುತ್ತಿದ್ದಳು. ಅವು ಮುಗಿಯಲಿಲ್ಲ, ವಯಸ್ಸು ಮುಗಿಯಿತು.

ಕೆಲಸ ಹೇಳುವುದಕ್ಕೆ ಸುಲಭ. ಕಾರ್ಖಾನೆಯವರು ನದಿಗೆ ಬಿಡಬೇಕೆಂದಿರುವ ರಾಸಾಯನಿಕ ನೀರಿನಲ್ಲಿ ಕೊಳೆತು ಇಲ್ಲವಾಗುತ್ತದೆಯೇ ಎಂದು ನೋಡುವುದು. ಸೀಸೆಗೆ ಶುದ್ಧ ನೀರು ತುಂಬಿ, ಒಂದು ಹನಿ ರಾಸಾಯನಿಕ ಹಾಕಿ, ಚರಂಡಿ ನೀರಿನ ಸೂಕ್ಷ್ಮಜೀವಿಗಳನ್ನು ಬಿಟ್ಟು, ಬಿರಡೆ ಬಿಗಿದು ಇಪ್ಪತ್ತೆಂಟು ದಿನ ಕತ್ತಲಲ್ಲಿಡಬೇಕು. ಜೀವಿಗಳು ತಿಂದಷ್ಟೂ ನೀರಿನ ಆಮ್ಲಜನಕ ಇಳಿಯುತ್ತದೆ. ಆ ಇಳಿತ ಅಳೆದರೆ ಎಷ್ಟು ತಿಂದವು ಎಂಬುದು ತಿಳಿಯುತ್ತದೆ. ನೂರಕ್ಕೆ ಅರವತ್ತು ದಾಟಿದರೆ ಪಾಸು.

ಆ ಚರಂಡಿ ನೀರಿಗೆ ಅವಳು ಇಟ್ಟ ಹೆಸರು ಹೆಪ್ಪು. ಹಾಲಿಗೆ ಹಾಕುವ ಹೆಪ್ಪಿನಂತೆ ಇದೂ ಒಂದು ಚಮಚ ಸಾಕು. ಆದರೆ ಒಂದು ಕಟ್ಟುನಿಟ್ಟು: ಆ ರಾಸಾಯನಿಕದ ರುಚಿ ಮೊದಲೇ ಕಂಡ ಹೆಪ್ಪು ಆಗಬಾರದು. ರುಚಿ ಕಂಡವು ಗಬಗಬ ತಿಂದು ಮುಗಿಸುತ್ತವೆ. ನದಿಯಲ್ಲಿರುವ ಬಡಪಾಯಿಗಳಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು? ಹೊಸದಾಗಿ ಬಂದವರಿಗೆ ಇದನ್ನು ಹೇಳಿ ಹೇಳಿ ಅವಳ ಬಾಯಿ ಬತ್ತಿತ್ತು.

ಹೀಗೆ ಹೇಳುತ್ತಿದ್ದವಳು ತಾನು ಮಾತ್ರ ಇಪ್ಪತ್ತಾರು ವರ್ಷವೂ ಹೆಪ್ಪು ತಂದದ್ದು ಒಂದೇ ಕಡೆಯಿಂದ, ಊರಿನ ಚರಂಡಿ ನೀರು ಶುದ್ಧಮಾಡುವ ಘಟಕದ ಎರಡನೇ ತೊಟ್ಟಿಯಿಂದ. ಬಸ್ಸು ಅದರ ಬಾಗಿಲಿಗೇ ನಿಲ್ಲುತ್ತಿತ್ತು, ಕಾವಲುಗಾರ ಪರಿಚಯದವನು. ಅಲ್ಲಿಗೆ ಬರುವುದು ಬರೀ ಮನೆಗಳ ನೀರು ಎಂದು ಒಮ್ಮೆ ಕೇಳಿ ತಿಳಿದುಕೊಂಡಿದ್ದಳು. ಮತ್ತೆ ಕೇಳಲಿಲ್ಲ.

ಎಂಜಿನ್ ತಂಪಾಗಿಡುವ ದ್ರವಕ್ಕೆಂದು ಒಂದು ಕಾರ್ಖಾನೆ ಹೊಸ ಬಗೆಯ ಗ್ಲೈಕಾಲ್ ಮಾಡಿತು. ಹಳೆಯ ಗ್ಲೈಕಾಲ್‌ಗಳು ಬೇಗ ಕೊಳೆಯುತ್ತವೆ, ಇದರ ಗುಣ ಯಾರಿಗೂ ಗೊತ್ತಿರಲಿಲ್ಲ. ಸೀಸೆಗಳು ಕಪಾಟು ಸೇರಿದವು. ಗೊತ್ತಿಲ್ಲದ ಪದಾರ್ಥವಾದರೆ ಮೊದಲ ವಾರ ಆಮ್ಲಜನಕ ಕದಲುವುದೇ ಇಲ್ಲ. ಜೀವಿಗಳು ಮೂಸಿ ನೋಡುತ್ತಾ ಕೂರುತ್ತವೆ. ಈ ಸಲ ಮೂರನೆಯ ದಿನವೇ ಸರ್ರನೆ ಇಳಿಯಿತು. ಅವಳಿಗೆ ಒಳಗೊಳಗೇ ಮುಳ್ಳು ಚುಚ್ಚಿದಂತಾಯಿತು. ಅಳತೆ ಬರೆದಿಡುವ ಪುಸ್ತಕದಲ್ಲಿ ಆ ಅಂಕಿಯ ಪಕ್ಕ ಪೆನ್ಸಿಲಿನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿದಳು.

ಆಗಲೇ ಪ್ರಯೋಗಾಲಯದ ಮುಖ್ಯಸ್ಥರು ಇಳಿದು ಬಂದರು. "ಏನಕ್ಕಾ, ಹೇಗಿದ್ದಾವೆ ನಿಮ್ಮ ಮಕ್ಕಳು?"

"ತಿಂತಿದ್ದಾವೆ ಸರ್. ಸ್ವಲ್ಪ ಜಾಸ್ತೀನೇ ತಿಂತಿದ್ದಾವೆ."

"ಮಕ್ಕಳು ಚೆನ್ನಾಗಿ ತಿಂದ್ರೆ ಯಾರಾದ್ರೂ ಮುಖ ಸಪ್ಪಗೆ ಮಾಡ್ಕೋತಾರಾ?"

ಜೊತೆಗೆ ಕೆಲಸ ಮಾಡುತ್ತಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಅವರು ಹೋದ ಮೇಲೆ ರಬ್ಬರಿನಿಂದ ಆ ಚಿಹ್ನೆಯನ್ನು ಉಜ್ಜಿಬಿಟ್ಟಳು. ಇಪ್ಪತ್ತೆಂಟನೆಯ ದಿನ ನೂರಕ್ಕೆ ಎಂಬತ್ತೆರಡು ಬಂತು. ಸಹಿ ಹಾಕಿದಳು.

ಅವಳಿಗಿದ್ದವನು ಒಬ್ಬನೇ ತಮ್ಮ. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ. ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಅದೇ ಕಾರ್ಖಾನೆಯ ಕೆಳಗೆ ನದಿ ತಿರುಗುವ ಕಡೆ ಅವನು ಎಂಟು ಹೊಂಡ ತೋಡಿ ಮೀನು ಸಾಕಿದ್ದ. ಸಹಿ ಹಾಕಿದ ಎರಡು ದಿನಕ್ಕೆ ಅವನು ಕೇಳಿದ: "ಅಕ್ಕ, ಕಾರ್ಖಾನೆ ನೀರು ನದಿಗೆ ಬಿಡ್ತಾರಂತೆ. ಹೊಂಡಕ್ಕೆ ನದಿ ನೀರಿನ ತೂಬು ತೆಗೀಲೋ, ಇಲ್ಲಾ ಹಳ್ಳದಿಂದ ಪಂಪ್ ಹಾಕಿಸ್ಲೋ?"

"ನಾನೇ ನೋಡಿದ್ದೀನಿ ಕಣೋ. ನಿನ್ನ ಹತ್ರ ಬಂದ್ರೂ ನಾಲ್ಕು ದಿನದಲ್ಲಿ ಹೇಳಹೆಸರಿಲ್ಲದ ಹಾಗೆ ಹೋಗುತ್ತೆ. ಕಣ್ಮುಚ್ಕೊಂಡು ತೆಗಿ."

ಅವನು ತೆಗೆದ. ಗ್ಲೈಕಾಲ್ ಕೊಳೆಯದೆ ಬಂದು ನಿಂತ ನೀರಿನಲ್ಲಿ ದಿನದಿನವೂ ಕೂಡುತ್ತಾ ಹೋಯಿತು. ನಲವತ್ತು ದಿನ ಮೀನು ನೆಟ್ಟಗಿದ್ದವು. ಅಷ್ಟರಲ್ಲಿ ಹೊಂಡದ ಜೀವಿಗಳಿಗೆ ಅದರ ರುಚಿ ಹತ್ತಿತು. ಕೂಡಿಬಿದ್ದದ್ದನ್ನೆಲ್ಲ ಒಮ್ಮೆಲೇ ತಿನ್ನತೊಡಗಿದವು.

ಒಂದು ಬೆಳಗ್ಗೆ ತಮ್ಮನ ಫೋನು ಬಂತು. ಅವಳು ಆಮ್ಲಜನಕ ಅಳೆಯುವ ಮೀಟರು ಹಿಡಿದೇ ಓಡಿದಳು. ಎಂಟೂ ಹೊಂಡಗಳ ಮೇಲೆ ಬಿಳಿ ಹೊಟ್ಟೆಗಳು ತೇಲುತ್ತಿದ್ದವು. ಜೀವವಿದ್ದ ಕೆಲವು ಮೀನು ಬಾಯಿ ಮೇಲೆತ್ತಿ ಗಾಳಿ ಕಚ್ಚುತ್ತಿದ್ದವು. ತಮ್ಮನ ಹೆಂಡತಿ ಬುಟ್ಟಿ ಹಿಡಿದು ನಿಂತಲ್ಲೇ ನಿಂತಿದ್ದಳು. ಲೀಟರಿಗೆ ಆರು ಮಿಲಿಗ್ರಾಂ ಇರಬೇಕಾದ ಆಮ್ಲಜನಕ ಅರ್ಧ ಮಿಲಿಗ್ರಾಂ ಕೂಡ ಇರಲಿಲ್ಲ. ದಂಡೆಯಲ್ಲಿ ಸೇರಿದವರು ಕಾರ್ಖಾನೆಯನ್ನು ಬೈಯುತ್ತಿದ್ದರೆ ತಮ್ಮ ಅವರ ಮೇಲೇ ರೇಗುತ್ತಿದ್ದ. "ಆ ನೀರಲ್ಲ ಕಣ್ರೀ. ನಮ್ಮಕ್ಕ ನೋಡಿದ್ದಾಳೆ. ಬೇರೇನೋ ಆಗಿರ್ಬೇಕು." ಅವನು ತನ್ನನ್ನೇ ಬೆಟ್ಟದಷ್ಟು ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಅವಳು ನೇರ ಘಟಕಕ್ಕೆ ಹೋದಳು. "ಆ ಕಾರ್ಖಾನೆಯವರು ಹೊಸ ದ್ರವದ ಪಾತ್ರೆ ತೊಳೆದ ನೀರೂ ಇಲ್ಲಿಗೇ ಬರುತ್ತಲ್ಲಕ್ಕಾ," ಎಂದ ಕಾವಲುಗಾರ. "ಪೈಪ್ ಹಾಕಿ ಒಂದು ವರ್ಷ ಆಯ್ತು. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ದೂರದ ಹಳ್ಳಿಯೊಂದರ ಚರಂಡಿಯಿಂದ ಹೆಪ್ಪು ತಂದು ಮತ್ತೆ ಇಪ್ಪತ್ತೆಂಟು ದಿನ ಕಾದಳು. ನೂರಕ್ಕೆ ಇಪ್ಪತ್ಮೂರು. ವರದಿ ನೋಡಿ ಮುಖ್ಯಸ್ಥರು ಕನ್ನಡಕ ತೆಗೆದರು. "ಮೊದಲನೇದು ಹೇಗೆ ತಪ್ಪಾಯ್ತು ಅಂತ ಬರೀಬೇಕಾಗುತ್ತೆ."

"ಹೆಪ್ಪು ತಂದದ್ದು ನಾನು. ನನ್ನ ಹೆಸರೇ ಬರೀರಿ."

ಕಾರ್ಖಾನೆಯ ನೀರು ನಿಂತಿತು, ಅವಳ ಕೆಲಸವೂ ಹೋಯಿತು. ಕೈಚೀಲದಲ್ಲಿ ಆ ಪುಸ್ತಕ ಇಟ್ಟುಕೊಂಡು ತಮ್ಮನ ಬಳಿಗೆ ಹೋದಳು. ಅವನು ಒಣಗಿದ ಹೊಂಡದ ದಂಡೆಯಲ್ಲಿ ಬಲೆ ಸುತ್ತುತ್ತಿದ್ದ. ಪೈಪಿನ ಕಥೆಯೆಲ್ಲ ಕೇಳಿ ಅವನೇ ಸಮಾಧಾನ ಹೇಳಿದ. "ಬಿಡಕ್ಕ. ಪೈಪ್ ಹಾಕಿದ್ದು ನಿಂಗೇನು ಕನಸು ಬೀಳುತ್ತಾ? ನೀನು ಗೊತ್ತಿದ್ದೂ ಮಾಡಿದ್ದಲ್ಲವಲ್ಲ."

ಅಲ್ಲಿಗೇ ಸುಮ್ಮನಾಗಬಹುದಿತ್ತು. ಅವಳು ಪುಸ್ತಕ ತೆಗೆದು ಮೂರನೆಯ ದಿನದ ಹಾಳೆ ತೋರಿಸಿದಳು. ಉಜ್ಜಿದರೂ ಪೆನ್ಸಿಲಿನ ಗೀರು ಕಾಣುತ್ತಿತ್ತು.

"ಇದೇನು?"

"ಅನುಮಾನ ಬಂದಿತ್ತು ಕಣೋ. ಅಳಿಸಿಬಿಟ್ಟೆ."

"ನಾನು ತೂಬು ತೆಗೀಲಾ ಅಂತ ಕೇಳೋಕ್ಕೆ ಮುಂಚೆನೇ?"

"ಮುಂಚೆನೇ. ಇಪ್ಪತ್ತೇಳು ದಿನ ಮುಂಚೆ."

ಅವನು ಆ ಗೀರಿನ ಮೇಲೆ ಬೆರಳಾಡಿಸಿದ. ಪುಸ್ತಕ ಮಡಚಿ ಅವಳ ಕೈಗಿಟ್ಟ. ಮಾತು ಕಲಿತ ದಿನದಿಂದ ಅವಳನ್ನು ನೀನು, ಬಾ, ಹೋಗು ಎಂದೇ ಮಾತಾಡಿಸಿದವನು ಎದ್ದು ಬಲೆ ಹೆಗಲಿಗೇರಿಸಿಕೊಂಡ.

"ಬಸ್ಸಿನ ಹೊತ್ತಾಯ್ತು," ಎಂದ. "ನೀವು ಹೊರಡಿ."