ಗಾಡಿಯಡಿ ಮೂವತ್ತೆಂಟು ವರ್ಷ

ಬೆಳಗಿನ ಆರು ಗಂಟೆ. ಮೈಸೂರಿನ ಕುಂಬಾರಕೊಪ್ಪಲಿನ ಒಂದು ತಗಡಿನ ಶೆಡ್ಡಿನ ಮುಂದೆ ಡೀಸೆಲ್ ಪಿಕಪ್ ಗಾಡಿ ಗುರುಗುಟ್ಟುತ್ತ ನಿಂತಿದೆ. ಅಡಿಯಿಂದ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿವೆ. ಜೊತೆಗೆ ಊದುಬತ್ತಿಯ ವಾಸನೆ. ಗಾಡಿಯ ಕೆಳಗೆ ಮಲಗಿರುವ ಮಹದೇವು ಉರಿಯುವ ಬತ್ತಿಯನ್ನು ಹೊಗೆ ಕೊಳವೆಯ ಉದ್ದಕ್ಕೂ ಮೆಲ್ಲಗೆ ಸರಿಸುತ್ತಿದ್ದಾರೆ. ಡ್ರೈವರ್ ಸೀಟಿನ ಕೆಳಗೆ ಬಂದಾಗ ನೆಟ್ಟಗೆ ಏಳುತ್ತಿದ್ದ ಬತ್ತಿಯ ಹೊಗೆ ತಟ್ಟನೆ ಚದುರುತ್ತದೆ.

"ಇಲ್ಲೇ ಅದೆ ಕಣಮ್ಮ ನಿನ್ ತಲೆನೋವು. ಎಂಜಿನ್ ಆಫ್ ಮಾಡು" ಎಂದು ಕೆಳಗಿನಿಂದಲೇ ಕೂಗುತ್ತಾರೆ.

ಗಾಡಿ ಪ್ರೇಮಲೀಲಾ ಅವರದು. ತಿ. ನರಸೀಪುರದ ಕಡೆಯಿಂದ ದಿನಾ ಎಳನೀರು ತುಂಬಿಕೊಂಡು ಬರುತ್ತಾರೆ. ಹದಿನೈದು ದಿನದಿಂದ ಗಾಡಿ ಹತ್ತಿದರೆ ಸಾಕು, ತಲೆ ಸಿಡಿಯುತ್ತದೆ. ಕೊಳವೆ ತುಕ್ಕು ಹಿಡಿದಿರಬೇಕೆಂದು ಆಕೆಯ ತಮ್ಮ ಸುನಿಲ್ ಅಂಗಡಿಯಿಂದ ಹೊಸ ಸ್ಟೀಲ್ ಕೊಳವೆ ತಂದುಕೊಟ್ಟಿದ್ದಾನೆ. ಸೈಲೆನ್ಸರ್ ಡಬ್ಬ ಕಿತ್ತುಹಾಕಿ ಅದನ್ನೊಂದೇ ಕೂರಿಸಬೇಕು, ಗಾಡಿ ಗುಡುಗಬೇಕು ಎಂಬುದು ಅವನ ಆಸೆ.

"ಪೈಪು ಚೆನ್ನಾಗದೆ, ಹಾಕ್ತೀನಿ. ಡಬ್ಬ ಮಾತ್ರ ಕೀಳಕ್ಕಿಲ್ಲ. ಗುಡುಗು ಬೇಕು ಅಂದ್ರೆ ಆಷಾಢದಲ್ಲಿ ಬೆಟ್ಟ ಹತ್ಲಿ ಅನ್ನು" ಎನ್ನುತ್ತಾರೆ ಮಹದೇವು.

ಐವತ್ತೇಳರ ಮಹದೇವು ಹತ್ತೊಂಬತ್ತರ ಹರೆಯದಲ್ಲಿ ಸರಗೂರಿನ ಕಡೆಯಿಂದ ಮೈಸೂರಿಗೆ ಬಂದವರು. ಆಗ ಈ ಶೆಡ್ಡು ನಂಜಯ್ಯನವರದು. ಕೆಲಸ ಕಲಿಸುವ ಮೊದಲು ನಂಜಯ್ಯ ಅವರನ್ನು ಆರು ತಿಂಗಳು ಬರೀ ಕೇಳಲು ಹಚ್ಚಿದ್ದರಂತೆ. "ಕಣ್ಮುಚ್ಕೊಂಡು ಕೂತ್ಕೊ ಅನ್ನೋರು. ತಿರುವಲ್ಲಿ ಸದ್ದು ಬಂತು ಅಂದ್ರೆ, ಯಾರ್ ಗಾಡಿ, ಲೋಡ್ ಅದಾ ಇಲ್ವಾ, ಎಲ್ಲಿ ಸೋರ್ತಾದೆ, ಎಲ್ಲಾ ಹೇಳ್ಬೇಕಿತ್ತು. ಒಂದೊಂದು ಗಾಡಿದೂ ಒಂದೊಂದು ಕೊರಳು. ಈಗ ಎಲ್ಲಾ ಒಂದೇ ಥರ ಬುಡಿ" ಎಂದು ನಗುತ್ತಾರೆ. ಸುತ್ತಿಗೆಯ ಏಟು ಕೇಳಿ ಕೇಳಿ ಅವರ ಬಲಗಿವಿ ಮಂದವಾಗಿದೆ. ಊದುಬತ್ತಿ ಕೈಗೆ ಬಂದದ್ದು ಆಮೇಲೆ.

ಆಗ ದಿನಕ್ಕೆ ಹತ್ತು ಗಾಡಿ ಬರುತ್ತಿದ್ದವು. ಈಗ ಮೂರು ಬಂದರೆ ಹೆಚ್ಚು. ಒಂದೊಂದಕ್ಕೂ ಎರಡು ಗಂಟೆ ಹಿಡಿಯುತ್ತದೆ. ಯಾರು ಅವಸರ ಮಾಡಿದರೂ ಅದಕ್ಕಿಂತ ಬೇಗ ಬಿಡುವುದಿಲ್ಲ. ಅದಕ್ಕೊಂದು ಕಾರಣವಿದೆ. ಹೇಳುವಾಗ ಮಹದೇವು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡುತ್ತಾರೆ.

ತೊಂಬತ್ತಾರರ ಮಳೆಗಾಲ. ತರಕಾರಿ ಸಾಗಿಸುತ್ತಿದ್ದ ಸಣ್ಣಮಾದಯ್ಯ ಹಳೇ ಮೆಟಡೋರ್ ತಂದು, ಹೊತ್ತಾಯ್ತು, ಏನಾದರೂ ಸುತ್ತಿ ಕಳಿಸು ಎಂದರು. ಹೊಗೆ ಕೊಳವೆಯ ಬಿರುಕಿಗೆ ಮಹದೇವು ತಗಡು ಸುತ್ತಿ ತಂತಿ ಬಿಗಿದು ಕಳಿಸಿದರು. ಮರುದಿನ ಮಳೆಯೆಂದು ಸಣ್ಣಮಾದಯ್ಯ ಗಾಜು ಏರಿಸಿ ಓಡಿಸುತ್ತಿದ್ದಾಗ ತಗಡು ಸಡಿಲಿ ಹೊಗೆ ಒಳಗೆ ತುಂಬಿತು. ನಂಜನಗೂಡು ದಾರಿಯಲ್ಲಿ ಕಣ್ಣು ಕತ್ತಲೆಗಟ್ಟಿ, ಗಾಡಿ ಗದ್ದೆಗೆ ಇಳಿಯಿತು. ಹನ್ನೆರಡು ದಿನ ಆಸ್ಪತ್ರೆ. ಮಹದೇವು ದಿನಾ ಹೋಗಿ ಬಾಗಿಲ ಹೊರಗೆ ನಿಂತು ಬರುತ್ತಿದ್ದರು. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಊರಿಗೆ ಹೊರಟುಬಿಡೋಣವೆಂದು ಹೆಂಡತಿ ದೇವೀರಮ್ಮನ ಹತ್ತಿರ ಹೇಳಿ, ಬಟ್ಟೆಯನ್ನೂ ಕಟ್ಟಿದ್ದರು.

"ಒಂದೂವರೆ ತಿಂಗಳಾದ್ಮೇಲೆ ಆ ಗಾಡೀನೇ ತಂದು ನಿಲ್ಸಿದ್ರು. ನಾನು ಬೇರೆ ಕಡೆ ಮಾಡಿಸ್ಕೊಳಿ ಅಣ್ಣಾ ಅಂದೆ. 'ಲೇ ಮಹದೇವು, ನೀನೇ ಮಾಡು. ಈ ಸಲ ನನ್ ಆತುರ ಕೇಳ್ಬೇಡ' ಅಂದ್ಬುಟ್ರು." ಮಹದೇವು ಸ್ಪ್ಯಾನರ್ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. "ಅವತ್ತು ಅವ್ರು ಬರ್ದೆ ಇದ್ದಿದ್ರೆ ನಾನು ಈ ಕೆಲ್ಸದಲ್ಲಿ ಇರ್ತಿರ್ಲಿಲ್ಲ."

ಸಣ್ಣಮಾದಯ್ಯ ತೀರಿಕೊಂಡು ಮೂರು ವರ್ಷವಾಯಿತು. ಈ ಪ್ರೇಮಲೀಲಾ ಆ ಸಣ್ಣಮಾದಯ್ಯನವರ ಮಗಳು.

ಈಗ ಆಕೆಯೂ ಗಡಿಯಾರ ನೋಡುತ್ತಿದ್ದಾರೆ. "ಚಿಕ್ಕಪ್ಪಾ, ಮಾರ್ಕೆಟ್ಟಲ್ಲಿ ಕಾಯ್ತಾವ್ರೆ. ಸದ್ಯಕ್ಕೆ ಒಂದು ವೆಲ್ಡಿಂಗ್ ಹೊಡೆದ್ಬುಡಿ, ನಾಳೆ ಬತ್ತೀನಿ."

"ಕಾಯ್ಲಿ ಬುಡು. ಕೂತ್ಕೊ, ಟೀ ಕುಡಿ."

ಹಳೇ ಕೊಳವೆ ಬಿಚ್ಚುತ್ತಾರೆ. ಹೊಸದನ್ನು ಅಳೆದು, ಕತ್ತರಿಸಿ, ಡಬ್ಬಕ್ಕೆ ಕೂಡಿಸಿ ಬೆಸೆಯುತ್ತಾರೆ. ಹೊಗೆ ಸೋರದಂತೆ ಸಂದಿಗೆ ಗ್ಯಾಸ್ಕೆಟ್ ಇಟ್ಟು ಬೋಲ್ಟ್ ಬಿಗಿದು, ಮತ್ತೆ ಬತ್ತಿ ಹಚ್ಚಿ ಪ್ರತಿ ಕೀಲನ್ನೂ ನೋಡುತ್ತಾರೆ. ಪ್ರೇಮಲೀಲಾ ಗಾಜು ಏರಿಸಿಕೊಂಡು ಕಾಲು ಗಂಟೆ ಸುತ್ತಿ ಬಂದು, "ವಾಸನೇನೇ ಇಲ್ಲ ಚಿಕ್ಕಪ್ಪಾ" ಎನ್ನುತ್ತಾರೆ. ಮುಂದಿನ ಸಲ ಕರೆಂಟ್ ಗಾಡಿ ತಗೊಳ್ಳುತ್ತಾರಂತೆ. ಅದಕ್ಕೆ ಸೈಲೆನ್ಸರ್ರೇ ಇಲ್ಲ. "ತಗೋಳವ್ವ, ಒಳ್ಳೇದೇಯ" ಎಂದು ಮಹದೇವು ಕೈ ಒರೆಸಿಕೊಳ್ಳುತ್ತಾರೆ.

ಪಿಕಪ್ ಹೊರಡುತ್ತದೆ. ಎದುರು ಮನೆಯ ಜಗಲಿಯಲ್ಲಿ ವಸಂತಮ್ಮ ನಿದ್ದೆಹೋದ ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಾರೆ. ಗಾಡಿ ಅವರಿಂದ ಒಂದು ಮಾರು ದೂರದಲ್ಲೇ ಹಾದು, ತಿರುವಿನಲ್ಲಿ ಮರೆಯಾಗುತ್ತದೆ. ಮಹದೇವು ನೋಡುತ್ತಿರುವುದು ಗಾಡಿಯನ್ನಲ್ಲ.

"ನೋಡಿ ಸಾ," ಪಕ್ಕದಲ್ಲಿ ನಿಂತ ನನಗೆ ದನಿ ತಗ್ಗಿಸಿ ಹೇಳುತ್ತಾರೆ, "ಮಗು ಎದ್ದೇ ಇಲ್ಲ."